ಬ್ರೇಕ್ ಒತ್ತಿದರೆ ಹಾರ್ನ್

ಹದಿನಾಲ್ಕು ವರ್ಷ ಹೈಸ್ಕೂಲಿನಲ್ಲಿ ವಿದ್ಯುಚ್ಛಕ್ತಿಯ ಪಾಠ ಹೇಳಿದ ಮನುಷ್ಯ, ಒಂದು ಫ್ಯೂಜ್ ಹೋಯಿತೆಂದು ಗ್ಯಾರೇಜಿನ ಮುಂದೆ ಕೈಕಟ್ಟಿ ನಿಲ್ಲುವುದೆಂದರೆ ಏನರ್ಥ? ಇನ್ನು ಮುಂದೆ ನಿಲ್ಲುವುದಿಲ್ಲ ಎಂದು ೧೯೮೩ರ ಬೇಸಿಗೆ ರಜೆಯ ಮೊದಲ ರವಿವಾರ ನಾನು ಪ್ರತಿಜ್ಞೆ ಮಾಡಿದೆ. ಅದಕ್ಕೆ ಸಾಕ್ಷಿಯಾಗಿ ಇದ್ದವರು ಇಬ್ಬರು: ನನ್ನ ಹೆಂಡತಿ ಬನಶಂಕರಿ ಮತ್ತು ನನ್ನ ಕಾರು. ಇಬ್ಬರೂ ನಂಬಲಿಲ್ಲ.

ಕಾರು ಬಾಗಲಕೋಟೆಯಿಂದ ವರ್ಗವಾಗಿ ಹೋದ ಡಾಕ್ಟರರೊಬ್ಬರಿಂದ ಕೊಂಡದ್ದು. ವಯಸ್ಸು ಇಪ್ಪತ್ತು ದಾಟಿತ್ತು. ಅದೇ ಊರಿನ ವಿದ್ಯಾಗಿರಿ ಬಡಾವಣೆಯ ನಮ್ಮ ಬಾಡಿಗೆ ಮನೆಯ ಮುಂದೆ, ಬೇವಿನ ಗಿಡದ ಕೆಳಗೆ ನಿಂತಿರುವಷ್ಟು ಹೊತ್ತು ಅದರ ಗಾಂಭೀರ್ಯಕ್ಕೆ ಕಡಿಮೆಯೇನೂ ಇರಲಿಲ್ಲ. ಹೊರಟ ಮೇಲೆ ಮಾತ್ರ ಇವತ್ತು ಎಡಗಡೆಯ ದೀಪ, ನಾಳೆ ಗಾಜು ಒರೆಸುವ ಕಡ್ಡಿ, ಹೀಗೆ ದಿನಕ್ಕೊಂದು ಅಂಗ ಕೈಕೊಡುತ್ತಿತ್ತು.

ಆ ವಾರ ಅದು ಕೈಕೊಡುವಂತಿರಲಿಲ್ಲ. ಗುರುವಾರ ಬಾಗಲಕೋಟೆಯಿಂದ ಇಳಕಲ್ಲಿಗೆ ಗುರುಲಿಂಗವ್ವನವರನ್ನು ಕರೆದೊಯ್ಯಬೇಕಾಗಿತ್ತು. ಇಳಕಲ್ಲು ನನ್ನ ಹೆಂಡತಿಯ ತವರು. ನನ್ನ ಮಾವ ಕಾಶಪ್ಪನವರದು ನೇಕಾರರ ಮನೆ. ಹೆಂಡತಿಯ ತಂಗಿ ದಾನಮ್ಮನಿಗೆ ಬಂದಿದ್ದ ಎರಡು ಸಂಬಂಧಗಳು ಕೊನೆಯ ಗಳಿಗೆಯಲ್ಲಿ ತಪ್ಪಿಹೋಗಿದ್ದವು. ಇದು ಮೂರನೆಯದು. ಗುರುಲಿಂಗವ್ವ ಹುಡುಗನ ಸೋದರತ್ತೆ. ತಾಯಿಯಿಲ್ಲದ ಆ ಹುಡುಗನನ್ನು ಸಾಕಿ ಬೆಳೆಸಿದವರು. ಅವರು ಹೂಂ ಎಂದರೆ ಮದುವೆ, ಊಹೂಂ ಎಂದರೆ ಇಲ್ಲ. "ನನ್ನ ಕಾರಿನ್ಯಾಗ ಕರಕೊಂಡು ಬರ್ತೇನಿ, ಬಿಡ್ರಿ," ಎಂದು ಮಾವನಿಗೆ ಮಾತು ಕೊಟ್ಟವನು ನಾನೇ.

ಡ್ಯಾಶ್‌ಬೋರ್ಡಿನ ಕೆಳಗೆ ಎಂಟು ಫ್ಯೂಜುಗಳ ಪೆಟ್ಟಿಗೆಯಿತ್ತು. ಯಾವುದು ಯಾವುದರದೆಂದು ಬರೆದಿದ್ದ ಮುಚ್ಚಳ ಡಾಕ್ಟರರ ಕಾಲದಲ್ಲೇ ಕಳೆದುಹೋಗಿತ್ತು. ಪಕ್ಕದಲ್ಲಿ ಮೂರು ಕರಿ ಡಬ್ಬಿ, ರಿಲೇಗಳು. ಸ್ವಿಚ್ ಒತ್ತಿದಾಗ ಒಳಗೆ ಟಕ್ ಎಂದು ಬಡಿದು ಹಾರ್ನಿಗೋ ದೊಡ್ಡ ದೀಪಕ್ಕೋ ಕರೆಂಟು ಬಿಡುವುದು ಅವುಗಳ ಕೆಲಸ. ನಾನು ಸೀಟಿನ ಮೇಲೆ ಅಂಗಾತ ಮಲಗಿ, ತಲೆಯನ್ನು ಪೆಡಲುಗಳ ಹತ್ತಿರ ಇಳಿಬಿಟ್ಟು, ಒಂದೊಂದೇ ಫ್ಯೂಜ್ ಕಿತ್ತೆ. ಬನಶಂಕರಿ ಕಾರಿನ ಹಿಂದೆ ನಿಂತಿದ್ದಳು.

"ಹಿಂದಿನ ದೀಪ ಹತ್ತೈತೇನು?"

"ಹತ್ತೈತಿ."

"ಈಗ?"

"ಈಗಿಲ್ಲ. ಒಲಿ ಮ್ಯಾಲ ಬ್ಯಾಳಿ ಇಟ್ಟೇನ್ರಿ, ಇನ್ನೂ ಎಷ್ಟವ?"

ಎಂಟೂ ಮುಗಿದವು. ನೋಟ್‌ಬುಕ್ಕಿನ ರಟ್ಟಿನ ಮೇಲೆ ಒಂದರಿಂದ ಎಂಟರವರೆಗೆ ಪಟ್ಟಿ ತಯಾರಾಯಿತು. ಅಲ್ಲಿಗೇ ನಿಲ್ಲಿಸಿದ್ದರೆ ಈ ಬರಹದ ಅಗತ್ಯವಿರಲಿಲ್ಲ. ಆದರೆ ಗೆದ್ದವನ ಕೈ ಸುಮ್ಮನಿರುವುದಿಲ್ಲ ನೋಡಿ. ತಂತಿಗಳ ತುದಿಗಳಿಗೆ ಜಂಗು ಹಿಡಿದಿದ್ದು ಕಣ್ಣಿಗೆ ಬಿತ್ತು. ಎಲ್ಲ ಬಿಚ್ಚಿ, ಉಜ್ಜಿ, ಮತ್ತೆ ಕೂಡಿಸಿದರೆ ಇನ್ನು ಹತ್ತು ವರ್ಷ ಚಿಂತೆಯಿಲ್ಲ ಎನಿಸಿತು.

"ನಾ ಬಂದು ತಂತಿ ಬಣ್ಣ ಬರಕೊಳ್ಳಲೇನ್ರಿ?" ಎಂದು ಅಡುಗೆ ಮನೆಯಿಂದ ಬನಶಂಕರಿ ಕೇಳಿದಳು.

"ಇದು ನೂಲು ಸುತ್ತೋ ಕೆಲಸಲ್ಲ," ಎಂದೆ. "ನೀ ಬ್ಯಾಳಿ ನೋಡಕೋ."

ತಂತಿಗಳ ಬಣ್ಣವನ್ನು ನಾನೇ ಬರೆದುಕೊಂಡೆ. ಬ್ರೇಕ್ ಒತ್ತಿದಾಗ ಹತ್ತುವ ಹಿಂದಿನ ದೀಪದ ತಂತಿ ಕೆಂಪು, ಹಾರ್ನಿನ ತಂತಿ ಹಸಿರು. ಬಿಚ್ಚಿದೆ. ಸೀಮೆಎಣ್ಣೆಯಲ್ಲಿ ಅದ್ದಿದ ಅರಿವೆಯಿಂದ ಇಪ್ಪತ್ತು ವರ್ಷದ ಕೊಳೆಯನ್ನೆಲ್ಲ ಒರೆಸಿದೆ. ಬರೆದುಕೊಂಡಂತೆಯೇ ಜೋಡಿಸಿದೆ. ಎಂಜಿನ್ ಚಾಲೂ ಆಯಿತು, ಮುಂದಿನ ದೀಪ ಹತ್ತಿತು. ಓಣಿಯ ಮಂದಿ ಮಧ್ಯಾಹ್ನದ ನಿದ್ದೆಯಲ್ಲಿದ್ದುದರಿಂದ, ಸಜ್ಜನನಾದ ನಾನು ಹಾರ್ನ್ ಬಾರಿಸಿ ನೋಡಲಿಲ್ಲ.

ಗುರುವಾರ ಬೆಳಿಗ್ಗೆ ಬಾಗಲಕೋಟೆಯ ಹಳೆ ಊರಿನಲ್ಲಿ, ಕೋಟೆಯ ಓಣಿಯಲ್ಲಿ, ಗುರುಲಿಂಗವ್ವ ಬಾಗಿಲಲ್ಲೇ ಕಾಯುತ್ತಿದ್ದರು. ಅರವತ್ತೈದರ ನೆಟ್ಟನೆಯ ಹೆಂಗಸು; ಮಾತು ಕಡಿಮೆ, ನೋಟ ಜಾಸ್ತಿ. ಅವರ ಮನೆಯ ಮುಂದೆ ಮೆಲ್ಲಗೆ ಬ್ರೇಕ್ ಒತ್ತಿದೆ. ಕಾರು ಊರು ಎಬ್ಬಿಸುವಂತೆ ಕೂಗಿತು.

"ಕಾಣತೇನಪಾ. ಇಲ್ಲೇ ನಿಂತೇನಿ," ಎಂದರು ಗುರುಲಿಂಗವ್ವ.

ಮೊಣಕೈ ತಾಗಿರಬೇಕು ಎಂದುಕೊಂಡೆ. ಅವರು ಹಿಂದೆ ಬನಶಂಕರಿಯ ಪಕ್ಕ ಕುಳಿತರು. ಓಣಿಯ ತಿರುವಿನಲ್ಲಿ ಬ್ರೇಕ್ ಒತ್ತಿದೆ, ಹಾರ್ನ್. ಹಾಲಿನ ಸೈಕಲ್ಲು ಅಡ್ಡ ಬಂತು, ಬ್ರೇಕ್, ಹಾರ್ನ್. ಊರು ದಾಟಿದ ಮೇಲೆ ಹತ್ತಾರು ಎಮ್ಮೆಗಳು ರಸ್ತೆ ತುಂಬಿಕೊಂಡು ಬಂದವು. ಈಗ ಬೇಕೆಂದೇ ಹಾರ್ನ್ ಒತ್ತಿದೆ. ಪಿಟ್ಟೆನ್ನಲಿಲ್ಲ. ಹಿಂದೆ ಬರುತ್ತಿದ್ದ ಲಾರಿಯವನು ಮಾತ್ರ, ನನ್ನ ಕಾರಿನ ಕೆಂಪು ದೀಪ ಹತ್ತಿದ್ದು ನೋಡಿ, ಗಕ್ಕನೆ ನಿಂತ. ಎಮ್ಮೆಗಳ ಹತ್ತಿರ ಹೋಗಿ ಬ್ರೇಕ್ ಹಾಕಿದಾಗ ನನ್ನ ಕಾರಿಗೆ ಮತ್ತೆ ಗಂಟಲು ಬಂತು. ಒಂದು ಎಮ್ಮೆ ಬೆದರಿ ಕಬ್ಬಿನ ಹೊಲಕ್ಕೆ ಇಳಿಯಿತು. ಅದರ ಯಜಮಾನ ನಮ್ಮ ವಂಶದ ಬಗ್ಗೆ ಏನೋ ಹೇಳಿದ.

"ಮಾಸ್ತರ, ನೀವು ಸಾಲ್ಯಾಗೂ ಹಿಂಗ ಒದರ್ತೀರೇನು?" ಎಂದು ಗುರುಲಿಂಗವ್ವ ಕೇಳಿದರು.

ನಾನು ಕಾರು ನಿಲ್ಲಿಸಿ, ಪಟ್ಟಿಯಿದ್ದ ರಟ್ಟು ತೆಗೆದು ಪರೀಕ್ಷಿಸಿದೆ. ನನ್ನ ಕಣ್ಣಿಗೆ ಕೆಂಪು ಕೆಂಪಿನ ಜಾಗದಲ್ಲಿತ್ತು, ಹಸಿರು ಹಸಿರಿನ ಜಾಗದಲ್ಲಿತ್ತು. ಹಾರ್ನಿನ ಬಾಯಿಯನ್ನಾದರೂ ಮುಚ್ಚಿಸೋಣವೆಂದು ಪಟ್ಟಿಯ ಪ್ರಕಾರ ಮೂರನೆಯ ಫ್ಯೂಜ್ ಕಿತ್ತೆ. ಹಾರ್ನ್ ಹೋಗಲಿಲ್ಲ. ತಲೆಕೆಳಗಾಗಿ ಮಲಗಿ ಎಣಿಸಿದವನಿಗೆ ಆ ಕಡೆಯಿಂದ ಮೂರನೆಯದು ಈ ಕಡೆಯಿಂದ ಆರನೆಯದು ಎಂದು ಹೊಳೆಯಲೇ ಇಲ್ಲ.

"ಎಲ್ಲಾ ಕಿತ್ತಬಿಡ್ರಿ," ಎಂದಳು ಬನಶಂಕರಿ ಮೆಲ್ಲಗೆ.

"ಎಂಜಿನ್ ನಿಂತಗಿಂತಾತು. ಸುಮ್ಮನಿರು."

"ಹಂಗಾರ ಯಾರನ್ನರ ಕೇಳ್ರಿ."

"ಯಾರನ್ನ ಕೇಳಲಿ? ಕೇಳಾಕ ಬಂದ ಹುಡುಗರಿಗೆ ಹೇಳಿಕೊಡಾಂವ ನಾನ."

ಕನ್ನಡಿಯಲ್ಲಿ ನೋಡಿದೆ. ಹೆಂಡತಿ ಕಿಟಕಿಯಾಚೆ ನೋಡುತ್ತಿದ್ದಳು. ಅವಳ ಮುಖದಲ್ಲಿ ಸಿಟ್ಟಿರಲಿಲ್ಲ, ಭಯವಿತ್ತು. ತಂಗಿಯ ಮೂರನೆಯ ಸಂಬಂಧವೂ ನನ್ನ ಬ್ರೇಕಿನ ಕೆಳಗೆ ಸಿಕ್ಕು ನಜ್ಜಾಗುತ್ತಿತ್ತು.

ಅಮೀನಗಡ ಇನ್ನೂ ಎರಡು ಮೈಲಿ ಇರುವಾಗ ನಮ್ಮ ಮುಂದೆಯೇ ಸಾಗುತ್ತಿದ್ದ ಒಂದು ಶವಯಾತ್ರೆ ಕಾಣಿಸಿತು. ರಸ್ತೆಯ ತುಂಬ ಮಂದಿ. ಇಂಥ ಕಡೆ ಸಭ್ಯ ಮನುಷ್ಯ ಏನು ಮಾಡುತ್ತಾನೆ? ನಿಧಾನ ಮಾಡುತ್ತಾನೆ. ನಾನೂ ನಿಧಾನ ಮಾಡಿದೆ. ಕಾರು ಭೋಂಕಾರ ಮಾಡಿತು. ಐವತ್ತು ಮುಖಗಳು ಒಮ್ಮೆಗೇ ತಿರುಗಿದವು. ಗಾಬರಿಯಿಂದ ಕಾಲು ತೆಗೆದೆ. ಕಾರು ಮುಂದೆ ಸರಿಯಿತು. ಮತ್ತೆ ಒತ್ತಿದೆ, ಮತ್ತೆ ಭೋಂಕಾರ. ಎಷ್ಟು ವಿನಯ ತೋರಿಸಿದೆನೋ ಅಷ್ಟೂ ಉದ್ಧಟತನ ಹೊರಗೆ ಬರುತ್ತಿತ್ತು. ಕೊನೆಗೆ ಚಾವಿ ತಿರುಗಿಸಿ ಎಂಜಿನ್ ಆರಿಸಿ, ಹ್ಯಾಂಡ್‌ಬ್ರೇಕ್ ಎಳೆದು, ಕೆಳಗಿಳಿದು ಕೈಮುಗಿದೆ.

ಮಂದಿಯ ಕೊನೆಯಲ್ಲಿ ನಡೆಯುತ್ತಿದ್ದ ಮುದುಕನೊಬ್ಬ ನನ್ನನ್ನು ಮೇಲಿಂದ ಕೆಳಗೆ ನೋಡಿದ. "ಇಷ್ಟ್ಯಾಕ ಅವಸರ ತಮ್ಮಾ? ಹೊತಗೊಂಡ ಹೊಂಟೇವಲ್ಲ, ಆಕಿ ತೊಂಬತ್ತೆರಡು ವರ್ಷ ಇದ್ದಳು. ಒಂದ ದಿನ ಅವಸರ ಮಾಡಲಿಲ್ಲ," ಎಂದ.

"ತಪ್ಪಾತ್ರಿ ಯಜ್ಜಾ. ಗಾಡಿ ನನ್ನ ಮಾತು ಕೇಳವಲ್ದು."

ಆಗಲೇ ಕಾರಿನ ಹಿಂಬಾಗಿಲು ತೆರೆಯಿತು. ಗುರುಲಿಂಗವ್ವ ಸೆರಗು ಹೊದ್ದುಕೊಂಡು ಇಳಿದರು. ಮುದುಕನಿಗೆ ಏನೋ ಮೆಲ್ಲಗೆ ಹೇಳಿ, ಹೆಣದ ಹಿಂದೆ ನಡೆಯುತ್ತಿದ್ದ ಹೆಂಗಸರ ಜೊತೆ ಹೆಜ್ಜೆ ಹಾಕತೊಡಗಿದರು. ಬನಶಂಕರಿಯೂ ಇಳಿದಳು. ಹಾದಿ ಸುಡುಗಾಡಿನ ಕಡೆ ತಿರುಗುವವರೆಗೆ, ಸುಮಾರು ಎರಡು ಫರ್ಲಾಂಗು, ಗುರುತಿಲ್ಲದ ಆ ಅಜ್ಜಿಯ ಹಿಂದೆ ಇಬ್ಬರೂ ನಡೆದರು. ನಾನು ಬಹಳ ಹಿಂದೆ ಬರಿಗಾಲಲ್ಲಿ ಬಂದೆ. ಚಪ್ಪಲಿ ಯಾವಾಗ ಬಿಟ್ಟೆನೋ ನೆನಪಿಲ್ಲ. ಕಾರು ಒಂಟಿಯಾಗಿ ರಸ್ತೆಯಲ್ಲಿ ನಿಂತಿತ್ತು.

ತಿರುಗಿ ಬಂದು ಕುಳಿತ ಮೇಲೆ ಗುರುಲಿಂಗವ್ವ ಒಂದೇ ಮಾತು ಹೇಳಿದರು: "ಇನ್ನ ಮೆಲ್ಲಕ ಹೊಡೀರಿ ಮಾಸ್ತರ. ಬ್ರೇಕ ಹಾಕಾ ಪ್ರಸಂಗನ ಬರಬಾರದು."

ಎತ್ತಿನ ಗಾಡಿಗಳು ನಮ್ಮನ್ನು ದಾಟಿ ಹೋಗುವಂತೆ ಓಡಿಸಿದೆ. ಹುನಗುಂದದ ಪೇಟೆಯಲ್ಲಿ ನಡೆದದ್ದನ್ನು ಹೇಳುವುದಿಲ್ಲ. ಅಲ್ಲಿ ನನಗೆ ಈಗಲೂ ಪರಿಚಯದವರಿದ್ದಾರೆ. ಇಳಕಲ್ಲಿನ ಮಾವನ ಓಣಿಗೆ ಬಂದಾಗ ಊಟದ ಹೊತ್ತು ಮೀರಿತ್ತು. ಕೊನೆಯ ಬ್ರೇಕಿನ ಕೂಗಿಗೆ ಅಕ್ಕಪಕ್ಕದ ಮನೆಗಳ ಮಗ್ಗಗಳೆಲ್ಲ ನಿಂತು, ನೇಕಾರರು ಬಾಗಿಲಿಗೆ ಬಂದರು.

ಊಟವಾದ ಮೇಲೆ ಮಾವ ಹೇಳಿಕಳಿಸಿದ್ದಕ್ಕೆ ಯಾಕೂಬಸಾಬ ಬಂದ. ಬಸ್ ಸ್ಟ್ಯಾಂಡಿನ ಹತ್ತಿರ ಅವನದು ಗಾಡಿಗಳ ಕರೆಂಟಿನ ಕೆಲಸ ಮಾಡುವ ಸಣ್ಣ ಅಂಗಡಿ. ಪೆಟ್ಟಿಗೆ ನೋಡಿದ, ನನ್ನ ರಟ್ಟು ನೋಡಿದ, ಎರಡು ತಂತಿ ಹಿಡಿದು ಕೇಳಿದ:

"ಮಾಸ್ತರ್ರ, ಇದ ಯಾವ ಬಣ್ಣರಿ?"

"ಕೆಂಪು."

"ಇದು?"

"ಹಸರು. ಯಾಕ?"

ಅವನು ನಗಲಿಲ್ಲ. ನನ್ನ ಮುಖವನ್ನೇ ಸ್ವಲ್ಪ ಹೊತ್ತು ನೋಡಿ, "ಕಾಶಪ್ಪಾರ, ಎರಡ ಲಡಿ ನೂಲು ಕೊಡ್ರಿ, ಕೆಂಪು ಒಂದು, ಹಸರು ಒಂದು," ಎಂದ. ಮಾವ ಒಳಗಿನಿಂದ ಎರಡು ಲಡಿ ತಂದು ನನ್ನ ಮುಂದೆ ಹಿಡಿದರು. ಜಗಲಿಯ ಮೇಲೆ ಗುರುಲಿಂಗವ್ವ, ಅತ್ತೆ, ದಾನಮ್ಮ, ಬನಶಂಕರಿ, ಎಲ್ಲರೂ ಇದ್ದರು.

"ಯಾವದು ಕೆಂಪು, ಯಾವದು ಹಸರು ಹೇಳ್ರಿ," ಎಂದ ಯಾಕೂಬಸಾಬ.

ಎರಡನ್ನೂ ಬಿಸಿಲಿಗೆ ಹಿಡಿದು ನೋಡಿದೆ. "ಎರಡೂ ಒಂದ ಅಲ್ಲೇನ್ರಿ? ಇದು ಜರಾ ಕಪ್ಪ ಹೊಡದೈತಿ, ಅಷ್ಟ."

ನನಗೆ ನಿಧಾನವಾಗಿ ಅರ್ಥವಾಯಿತು. ನಾನು ಈ ತನಕ ನೋಡಿದ್ದು ಬಣ್ಣವನ್ನಲ್ಲ, ಕೊಳೆಯನ್ನು. ಹೆಚ್ಚು ಕೊಳೆಯಾದದ್ದು ಹಸಿರು, ಕಡಿಮೆಯದು ಕೆಂಪು. ಸೀಮೆಎಣ್ಣೆಯಲ್ಲಿ ಒರೆಸಿದ ಕೂಡಲೆ ಕಪ್ಪಾಗಿದ್ದದ್ದು ತಿಳಿಯಾಗಿ, ತಿಳಿಯಾಗಿದ್ದದ್ದೇ ಹೆಚ್ಚು ಕಪ್ಪಾಗಿ ಕಂಡು, ನನ್ನ ಲೆಕ್ಕದಲ್ಲಿ ಎರಡೂ ಅದಲುಬದಲಾಗಿದ್ದವು. ಕಾಮನಬಿಲ್ಲಿನ ಪಾಠದ ದಿನ ಬಣ್ಣದ ಸೀಮೆಸುಣ್ಣ ಹಿಡಿದು ಬೋರ್ಡಿಗೆ ತಿರುಗಿದಾಗಲೆಲ್ಲ ಬೆನ್ನ ಹಿಂದೆ ಹುಡುಗರು ಮುಸಿಮುಸಿ ನಗುತ್ತಿದ್ದುದು ಯಾಕೆಂದು ಹದಿನಾಲ್ಕು ವರ್ಷಕ್ಕೆ ಗೊತ್ತಾಯಿತು. ವಿಜ್ಞಾನದ ಪುಸ್ತಕದಲ್ಲಿ ಈ ದೋಷಕ್ಕೆ ಒಂದು ಹೆಸರಿದೆ. ನಾನೇ ಪರೀಕ್ಷೆಗೆ ಕೇಳಿದ ಪ್ರಶ್ನೆ ಅದು, ಎರಡು ಅಂಕದ್ದು.

ನೇಕಾರರ ಮನೆಯ ಅಳಿಯ ನಾನು. ತಲೆ ಎತ್ತಲಿಲ್ಲ.

ಮೊದಲು ಮಾತಾಡಿದವರು ಗುರುಲಿಂಗವ್ವ. "ನಮ್ಮ ಮನಿಯವರಿಗೂ ಹಿಂಗ ಇತ್ತು," ಎಂದರು. "ಮೆಣಸಿನಕಾಯಿ ಹೊಲದಾಗ ಹಣ್ಣು ಯಾವದು, ಹಸಿಕಾಯಿ ಯಾವದು ಗೊತ್ತಾಗ್ತಿದ್ದಿಲ್ಲ. ಎಲ್ಲಾ ಹರಕೊಂಡು ಬರಾವರು. ನಾ ಮೊದಮೊದಲು ಬೈದೆ. ಆಮ್ಯಾಲ ನಾನೂ ಹೊಲಕ್ಕ ಹೋಗಾಕ ಹತ್ತಿದೆ. ಇಬ್ಬರೂ ಕೂಡೇ ಹರೀತಿದ್ವಿ. ಇದರಾಗ ಮಾರಿ ಕೆಳಗ ಹಾಕೋವಂಥಾದ್ದು ಏನೈತಿ?"

ಯಾಕೂಬಸಾಬ ತಂತಿ ಬದಲಿಸಿ, ಎಂಟು ಚಿಂದಿ ಅರಿವೆಗೆ ನಂಬರ್ ಬರೆದು ತಂತಿಗಳಿಗೆ ಕಟ್ಟಿದ. ನನ್ನ ಬೆರಳನ್ನು ಹಿಡಿದು ಕರಿ ಡಬ್ಬಿಯೊಂದರ ಮೇಲೆ ಇಟ್ಟು ಹಾರ್ನ್ ಒತ್ತಿದ. ಬೆರಳಿನ ಕೆಳಗೆ ಟಕ್ ಎಂದು ಬಡಿಯಿತು.

"ಬಡೀತಲ್ರಿ? ಇದ ಹಾರ್ನಿಂದು. ಬಣ್ಣ ನೋಡಬ್ಯಾಡ್ರಿ, ಬೆರಳಿಗೆ ಕೇಳ್ರಿ," ಎಂದ.

ದೀಪ ಹಚ್ಚುವ ಹೊತ್ತಿಗೆ ಗುರುಲಿಂಗವ್ವ ದಾನಮ್ಮನನ್ನು ಹತ್ತಿರ ಕೂಡ್ರಿಸಿಕೊಂಡು ಕುಂಕುಮ ಹಚ್ಚಿದರು. "ಹುಡುಗಿ ನಮಗ ಒಪ್ಪಿಗಿ. ಅಕ್ಕ ಗುರುತಿಲ್ಲದ ಹೆಣದ ಹಿಂದ ಬಿಸಿಲಾಗ ನಡದಾಳ. ತಂಗಿನೂ ಅಂಥಾಕಿನ ಇರ್ತಾಳ," ಎಂದರು. ಅತ್ತೆ ಕಣ್ಣೊರೆಸಿಕೊಂಡರು. ನಾನು ಧೈರ್ಯ ತಂದುಕೊಂಡು, "ನಡೀರಿ ಅವ್ವಾರ, ಬಾಗಲಕೋಟಿಗೆ ಬಿಡ್ತೇನಿ," ಎಂದೆ.

"ಬ್ಯಾಡಪಾ. ಇಲ್ಲೇ ನನ್ನ ತಂಗಿ ಮನಿ ಐತಿ. ನಾಳಿ ಬಸ್ಸಿಗೆ ಬರ್ತೇನಿ."

ಮರಳುವ ದಾರಿಯಲ್ಲಿ ಬನಶಂಕರಿ ಮುಂದೆ ನನ್ನ ಪಕ್ಕ ಕುಳಿತಳು. ಹುನಗುಂದ ದಾಟಿತು. ಆಮೇಲೆ ಹೇಳಿದಳು:

"ಲಗ್ನಾಗಿ ಹನ್ನೊಂದು ವರ್ಷಾತು. ಮೊದಲನೇ ದೀಪಾವಳಿಗೆ ಅಪ್ಪ ನೇಯ್ದ ಕೆಂಪು ಸೀರಿ ಉಟಗೊಂಡು ನಿಮ್ಮ ಮುಂದ ಬಂದೆ. 'ಹಸರು ನಿನಗ ಚಲೋ ಒಪ್ಪತೈತಿ' ಅಂದ್ರಿ."

"ಅಂದಿದ್ನೇನು?"

"ಅಂದ್ರಿ. ಆವತ್ತಿಂದ ನಾ ತಿಳಕೊಂಡಿದ್ದ ಏನಂದ್ರ, ಇವರು ನನ್ನ ಕಡೆ ನೋಡೂದ ಇಲ್ಲ, ನೋಡಿದಂಗ ಮಾಡ್ತಾರ ಅಂತ."

ಹನ್ನೊಂದು ವರ್ಷ ಅವಳು ಈ ನೋವನ್ನು ಯಾರಿಗೂ ಹೇಳದೆ ಇಟ್ಟುಕೊಂಡಿದ್ದಳು. "ಹಂಗಲ್ಲ ಬನಶಂಕರಿ," ಎಂದೆ. "ನಾ ದಿನಾ ನೋಡ್ತಿದ್ದೆ. ಬಣ್ಣ ಒಂದು ಕಾಣ್ತಿದ್ದಿಲ್ಲ ಅಷ್ಟ. ಉಳಿದದ್ದೆಲ್ಲಾ ನೋಡೇನಿ."

"ಖರೆ?"

"ನಿನ್ನಾಣಿ ಖರೆ."

ಅವಳು ತಲೆಯ ಮೇಲಿನ ಸೆರಗು ಸರಿಸಿ ನನ್ನ ಕಡೆಗೆ ತಿರುಗಿದಳು.

"ಹಂಗಾರ ಬಣ್ಣದ ಮಾತು ಬಿಡ್ರಿ. ಕಿವ್ಯಾಗಿನ ಹಳೇವು ಕೊಟ್ಟು ಈ ಝುಮಕಿ ಮಾಡಿಸಿ ಹಾಕ್ಕೊಂಡು ಮೂರು ವಾರಾತು. ಓಣಿ ಮಂದಿ ಎಲ್ಲಾ ಕೇಳಿದ್ರು. ನೀವ್ಯಾಕ ಕೇಳಲಿಲ್ಲ?"

ನಾನು ರಸ್ತೆಯ ಮೇಲಿಂದ ಕಣ್ಣು ಕೀಳದೆ ಕಾರು ಓಡಿಸಿದೆ.