ಗೋಡೆ ಸುಲಿಯುವ ಚಿಕ್ಕಪ್ಪ

ನಮ್ಮ ಚಿಕ್ಕಪ್ಪನ ಜೊತೆ ಗುಂಡ್ಲುಪೇಟೆ ಬಸ್ ಸ್ಟ್ಯಾಂಡಿನಿಂದ ಅವನ ಅಂಗಡಿಗೆ ನಡೆದು ಹೋಗುವುದಕ್ಕಿಂತ ಚಾಮರಾಜನಗರದಿಂದ ಮೈಸೂರಿಗೆ ನಡೆದೇ ಹೋಗುವುದು ವಾಸಿ! ದಾರಿ ಉದ್ದ ಅಂತಲ್ಲ, ದಾರಿಯಲ್ಲಿ ಗೋಡೆಗಳಿವೆ ಅಂತ. ಬೇರೆ ಗಂಡಸರು ಗೋಡೆ ಕಂಡರೆ ಯಾಕೆ ನಿಲ್ಲುತ್ತಾರೆ ಅನ್ನುವುದು ನಿಮಗೆ ಗೊತ್ತು. ಚಿಕ್ಕಪ್ಪ ನಿಲ್ಲುವುದು ಉಗುರಿನಿಂದ ಪೋಸ್ಟರಿನ ಅಂಚು ಕೆರೆದು ನೋಡುವುದಕ್ಕೆ. “ಇನ್ನೂ ಬಲ್ತಿಲ್ಲ ಕಣಮ್ಮಿ, ಒಂದ್ ಮಳೆಗಾಲ ಕಳೀಲಿ” ಅನ್ನುತ್ತಿದ್ದ, ಹಲಸಿನಕಾಯಿ ತಟ್ಟಿ ನೋಡಿದವನ ಹಾಗೆ.

ಕಸುಬಿನಲ್ಲಿ ಅವನು ಹೆಂಗಸರ ಟೈಲರ್. ಚಿತ್ರ ಕಲಿಸಿದವರು ಯಾರೂ ಇಲ್ಲ. ಏಳನೇ ಕ್ಲಾಸಿನಲ್ಲಿ ಡ್ರಾಯಿಂಗ್ ಮೇಷ್ಟ್ರು “ಹೂಜಿ ಬರಿ ಅಂದ್ರೆ ಎಮ್ಮೆ ಬರೀತೀಯ” ಅಂತ ಹೊರಗೆ ನಿಲ್ಲಿಸಿದ್ದೇ ಅವನು ಪಡೆದ ಕಲಾಶಿಕ್ಷಣ. ಎರಡು ಸಾವಿರನೇ ಇಸವಿ ಕಳೆದು ಒಂದೆರಡು ವರ್ಷವಾಗಿರಬೇಕು, ಊಟಿ ರಸ್ತೆಯ ಲಾಡ್ಜೊಂದರ ರದ್ದಿಯಲ್ಲಿ ಅವನಿಗೊಂದು ಇಂಗ್ಲಿಷ್ ಮ್ಯಾಗಜೀನ್ ಸಿಕ್ಕಿತು. ಓದಲು ಬಾರದಿದ್ದರೇನು, ನೋಡಲು ಬರುತ್ತಿತ್ತಲ್ಲ! ಯಾವುದೋ ದೇಶದ ಹುಡುಗರು ರೈಲು, ಸೇತುವೆ ಯಾವುದನ್ನೂ ಬಿಡದೆ ಉಬ್ಬುಬ್ಬಿದ ಅಕ್ಷರ ಬರೆದಿದ್ದರು. “ಇದಕ್ಕೆ ಗ್ರಾಫಿಟಿ ಅಂತಾರೆ ಚಿಕ್ಕಪ್ಪ” ಅಂದವಳು ಆಗ ಕಾಲೇಜು ಓದುತ್ತಿದ್ದ ನಾನೇ. ಸುಮ್ಮನಿರಬೇಕಿತ್ತು.

ಮುಂದಿನ ವಾರವೇ ಅಂಗಡಿಯ ಬೋರ್ಡು ಬದಲಾಯಿತು. ‘ಲೇಡೀಸ್ ಟೈಲರ್’ ಅನ್ನುವ ಅಕ್ಷರಗಳು ಊದಿಕೊಂಡು, ಒಂದರ ಮೇಲೊಂದು ಹತ್ತಿ, ಬಾಲ ಸುತ್ತಿಕೊಂಡು ಕಿತ್ತಳೆ ಬಣ್ಣದಲ್ಲಿ ಹೊಳೆಯತೊಡಗಿದವು. ಮೊದಲ ದಿನವೇ ಒಬ್ಬ ಯಜಮಾನರು ಒಳಗೆ ಬಂದು ಬೆಂಚಿನ ಮೇಲೆ ಕೂತರು.

“ಅರ್ಧ ಕೆಜಿ ಜಿಲೇಬಿ ಕಟ್ಟಪ್ಪ. ಬಿಸೀದು ಕೊಡು!”

ಚಿಕ್ಕಪ್ಪನಿಗೆ ಅವಮಾನವಾಯಿತೆ? ಎಲ್ಲಿ ಬಂತು! “ನೋಡ್ದಾ ಅಮ್ಮಿ, ಓದಕ್ಕಾಗ್ದೆ ಇದ್ರೂವೆ ಅವ್ರ ಬಾಯಲ್ಲಿ ನೀರು ಬಂತು. ಕಲೆ ಅಂದ್ರೆ ಅದು!”

ಆಮೇಲೆ ಶುರುವಾದದ್ದು ಗೋಡೆ ಸುಲಿಯುವ ಕೆಲಸ. ವರ್ಷಗಟ್ಟಲೆ ಒಂದರ ಮೇಲೊಂದು ಅಂಟಿದ ಪೋಸ್ಟರುಗಳಿಗೆ ನೀರು ಚಿಮುಕಿಸಿ, ಹೆಂಚಿನಿಂದ ರೊಟ್ಟಿ ಎಬ್ಬಿಸುವ ಹಾಗೆ ಎಬ್ಬಿಸುತ್ತಿದ್ದ. ಮೇಲೆ ಕೈಮುಗಿದ ಅಭ್ಯರ್ಥಿ, ಅವನ ಕೆಳಗೆ ಸಿನಿಮಾ ನಾಯಕಿ, ಅವಳ ಕೆಳಗೆ ಪೋಲಿಯೋ ಹನಿಯ ಪ್ರಕಟಣೆ. ಅಭ್ಯರ್ಥಿಯ ಹಣೆಯನ್ನು ಹದವಾಗಿ ಹರಿದರೆ ನಾಯಕಿ ಅಲ್ಲಿಂದಲೇ ಕಣ್ಣು ಹೊಡೆಯುತ್ತಿದ್ದಳು! ಅದನ್ನು ಪ್ಲೈವುಡ್ಡಿಗೆ ಮೈದಾ ಅಂಟಿನಲ್ಲಿ ಮೆತ್ತಿ, ಬಟ್ಟೆಯ ಚೂರು ಸೇರಿಸಿ, ಮೇಲೆ ಊದಿದ ಅಕ್ಷರ ಬರೆದರೆ ಚಿತ್ರ ಸಿದ್ಧ. ಅಂಗಡಿಯಲ್ಲಿ ಹೆಮ್ಮಿಂಗ್ ಮಾಡುತ್ತ ಕೂತಿರುತ್ತಿದ್ದ ಚಿಕ್ಕಮ್ಮ ಮಾತ್ರ, “ಊರ್ ಕಸಾನೆಲ್ಲ ತಂದು ಅಂಟಿಸ್ತಾ ಕೂತಿದ್ದೀರಲ್ಲ, ನಿಮ್ಗೇನ್ ಬಂದದೆ?” ಅನ್ನುತ್ತಿದ್ದಳು.

ಚುನಾವಣೆ ಬಂದಾಗ ಫಜೀತಿಯಾಯಿತು. ಚಾಮರಾಜನಗರದ ನಮ್ಮ ಮನೆಗೆ ಬಂದಿದ್ದವನು ಬೀದಿಯಲ್ಲಿ ಒಬ್ಬ ಅಭ್ಯರ್ಥಿಯನ್ನು ಕಿವಿಯಿಂದ ಕುತ್ತಿಗೆಯವರೆಗೆ ಸುಲಿಯುತ್ತಿರುವಾಗ ಆ ಪಕ್ಷದವರ ಕೈಗೆ ಸಿಕ್ಕಿಬಿದ್ದ.

“ಯಾವ್ ಪಾರ್ಟಿಯವ್ನ್ಲಾ ನೀನು?”

“ನಾನು ಗೋಡೆ ಪಾರ್ಟಿ ಕಣಣ್ಣ.”

ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಹೊಸ ಪಕ್ಷ ಹುಟ್ಟಿದ್ದು ತಮಗೇ ಗೊತ್ತಾಗಲಿಲ್ಲವಲ್ಲ! “ಗುರ್ತು ಯಾವ್ದು?” ಅಂತ ಒಬ್ಬ ಮೆಲ್ಲಗೆ ಕೇಳಿದ. ಸುದ್ದಿ ಎದುರು ಪಕ್ಷದವರಿಗೆ ಮುಟ್ಟಿ, ಸಂಜೆಗೆ ಅವರು ಬಂದು ಚಿಕ್ಕಪ್ಪನಿಗೆ ಹಾರ ಹಾಕಿ ಹೋದರು. ಬೆಳಗಾದ ಮೇಲೆ ಚಿಕ್ಕಪ್ಪ ಅವರ ಅಭ್ಯರ್ಥಿಯನ್ನೂ ಸುಲಿದ. ಹಾರ ವಾಪಸ್ ಕೇಳಲು ಬಂದರು!

ಇಷ್ಟೆಲ್ಲ ಆದಮೇಲೆ ಗುಂಡ್ಲುಪೇಟೆಯ ಒಂದು ಸಭಾಂಗಣದಲ್ಲಿ ಚಿಕ್ಕಪ್ಪನ ಚಿತ್ರಗಳ ಪ್ರದರ್ಶನವೂ ನಡೆಯಿತು. ಉದ್ಘಾಟನೆಗೆ ಬಂದ ಗಣ್ಯರು ಚಿತ್ರಗಳಿಗೆ ಬೆನ್ನು ಹಾಕಿ ನಿಂತು ಅರ್ಧ ಗಂಟೆ ಕಲೆಯ ಬಗ್ಗೆ ಮಾತಾಡಿದರು. ತಿರುಗಿ ನೋಡದೆ ಕಾರು ಹತ್ತಿದರು. ನಿಜವಾಗಿ ನೋಡಿದವರೆಂದರೆ ಒಬ್ಬರು ಟೀಚರು. ‘ಸೂರ್ಯೋದಯ’ ಅನ್ನುವ ಚಿತ್ರದ ಮುಂದೆ ಬಹಳ ಹೊತ್ತು ನಿಂತರು, ಮುಟ್ಟಿ ನೋಡಿದರು, ಆಮೇಲೆ ಕಿರುಚಿದರು: “ಇದು ನನ್ನ ರವಿಕೆ ತೋಳಲ್ವೇನ್ರೀ? ಬಟ್ಟೆ ಸಾಲ್ದು ಅಂತ ತೋಳೇ ಇಲ್ದಂಗೆ ಹೊಲ್ದು ಕೊಟ್ರಲ್ಲ!”

“ಮೇಡಂ, ನೀವ್ ಹಾಕ್ಕಂಡಿದ್ರೆ ನಾಕ್ ಜನ ನೋಡೋರು. ಈಗ ಊರೇ ನೋಡ್ತದೆ” ಅಂದ ಚಿಕ್ಕಪ್ಪ. ಆ ಟೀಚರು ಮತ್ತೆ ಅಂಗಡಿಯ ಕಡೆ ಸುಳಿಯಲಿಲ್ಲ.

ಆ ವರ್ಷದ ಕೊನೆಯಲ್ಲಿ ಚಿಕ್ಕಮ್ಮನಿಗೆ ಚಾಮರಾಜನಗರದ ಒಂದು ನರ್ಸಿಂಗ್ ಹೋಮಿನಲ್ಲಿ ಹೊಟ್ಟೆಯ ಆಪರೇಷನ್ ಆಯಿತು. ಆಪರೇಷನ್ ಏನೋ ಚೆನ್ನಾಗಿಯೇ ಆಯಿತು, ಆದರೆ ಅವಳು ಊಟ ಬಿಟ್ಟಳು, ಮಾತು ಬಿಟ್ಟಳು. ನಾನು ಗಂಜಿ ಹಿಡಿದು ಅಂಗಲಾಚಿದರೆ ಮುಖವನ್ನು ಕಿಟಕಿಯ ಕಡೆ ತಿರುಗಿಸುವಳು. ಕಿಟಕಿಯಾಚೆ ಕಾಂಪೌಂಡ್ ಗೋಡೆ; ಅದರ ತುಂಬ ಮೂಲವ್ಯಾಧಿಗೆ ಗ್ಯಾರಂಟಿ ಚಿಕಿತ್ಸೆಯ ಜಾಹೀರಾತು. ಹೀಗೇ ಆದರೆ ಗಾಯ ಮಾಯುವುದು ಹೇಗೆ ಅಂತ ಡಾಕ್ಟರಿಗೂ ಚಿಂತೆ. ನಾಲ್ಕನೇ ದಿನ ಅವಳು ಒಂದೇ ಮಾತಾಡಿದಳು: “ಬೇಗೂರ್ಗೆ ಓಗ್ಬೇಕು ಕಣಮ್ಮಿ. ನಮ್ಮವ್ವನ ಮನೆ ನೋಡ್ಬೇಕು.”

ಬೇಗೂರಿನ ಆ ತವರುಮನೆ ಬಿದ್ದು, ಅಲ್ಲಿ ಗೊಬ್ಬರದ ಅಂಗಡಿ ಎದ್ದು ಎಷ್ಟೋ ಕಾಲವಾಗಿತ್ತು.

ಮಂಚದ ಪಕ್ಕ ಕೂತಿದ್ದ ಚಿಕ್ಕಪ್ಪ ಎದ್ದು ಹೋಗಿ ಗುಂಡ್ಲುಪೇಟೆಯ ಬಸ್ ಹತ್ತಿದ. ಎರಡು ದಿನ ಪತ್ತೆಯಿಲ್ಲ. ಹೆಂಡತಿ ಹೀಗಿರುವಾಗ ಅಂಗಡಿ ಬೇಕಾಯಿತೆ ಅಂತ ನನಗೆ ಕೋಪ. ಮೂರನೇ ದಿನ ಬೆಳಿಗ್ಗೆ ನೋಡಿದರೆ, ಕಾಂಪೌಂಡ್ ಗೋಡೆಯ ಮುಂದೆ ಅಂಟಿನ ಬಕೆಟ್ಟು, ಬಟ್ಟೆ-ಕಾಗದದ ಚೂರುಗಳ ಚೀಲ ಇಟ್ಟುಕೊಂಡು ನಿಂತಿದ್ದಾನೆ! ಕಾವಲಿನವನು ಗದರಿಸಲು ಹೋದ. ಡಾಕ್ಟರು ವರಾಂಡದಿಂದಲೇ ಕೈ ಮಾಡಿ ಕಾವಲಿನವನನ್ನೇ ತಡೆದರು.

ಮಧ್ಯಾಹ್ನದ ಹೊತ್ತಿಗೆ ಆ ಗೋಡೆಯ ಮೇಲೆ ಬೇಗೂರಿನ ಮನೆ ಎದ್ದಿತ್ತು. ಕಂದು ಸೀರೆಯ ಅಂಚಿನ ನಾಡಹೆಂಚು, ಅಂಗಳದಲ್ಲಿ ಹರವಿದ ಅರಿಸಿನ, ಅದನ್ನು ಕೆದಕುವ ಕೋಳಿಗಳು, ಜಗುಲಿಯ ಮೇಲೆ ಕಾಲು ಚಾಚಿ ಕೂತ ಅವ್ವ. ಚಿಕ್ಕಮ್ಮ ದಿಂಬಿಗೆ ಒರಗಿ ಬಹಳ ಹೊತ್ತು ನೋಡಿದಳು.

“ಆ ಕರೀ ಕೋಳಿಗೆ ಒಂದೇ ಕಾಲಲ್ವಾ? ನಿಮ್ ಚಿಕ್ಕಪ್ಪಂಗೆ ಯೋಳಮ್ಮಿ.”

ನಾನು ಕಿಟಕಿಯಿಂದ ಕೂಗಿ ಹೇಳಿದೆ. ಚಿಕ್ಕಪ್ಪ ಚೀಲ ತಡಕಿದ, ಒಂದು ಚೂರೂ ಉಳಿದಿರಲಿಲ್ಲ. ಜೇಬಿನಿಂದ ಬಸ್ ಟಿಕೆಟ್ ತೆಗೆದು, ಸಣ್ಣಗೆ ಹರಿದು, ಕೋಳಿಗೆ ಇನ್ನೊಂದು ಕಾಲು ಅಂಟಿಸಿದ. ಆಮೇಲೆ ಈ ಕಡೆ ತಿರುಗಿ, ಸರಿಯಾಯಿತೆ ಅನ್ನುವಂತೆ ಕತ್ತು ಕೊಂಕಿಸಿ ನಿಂತ.

ಚಿಕ್ಕಮ್ಮ ತಲೆಯಾಡಿಸಿದಳು. “ಕೊಡು ಆ ಗಂಜಿಯ” ಅಂದಳು. ಗಂಜಿ ಆರಿ ತಣ್ಣಗಾಗಿತ್ತು. ಅವಳು ಗೋಡೆಯಿಂದ ಕಣ್ಣು ತೆಗೆಯದೆ ಅಷ್ಟನ್ನೂ ಕುಡಿದಳು.