ಉಬ್ಬರ ಬಂದ ಬೀರು

ನನ್ನ ಸೋದರಮಾವನ ಲೆಕ್ಕದಲ್ಲಿ ಪ್ರಪಂಚದಲ್ಲಿರುವುದೆಲ್ಲ ದನವೇ! ಉತ್ಪ್ರೇಕ್ಷೆ ಎಂದುಕೊಂಡಿರಾ? ಜೀವಮಾನವೆಲ್ಲ ದನದಾಸ್ಪತ್ರೆಯಲ್ಲಿ ಕಾಂಪೌಂಡರ್ ಆಗಿದ್ದು ನಿವೃತ್ತನಾದ ಮನುಷ್ಯ. ಸ್ಕೂಟರ್ ಸ್ಟಾರ್ಟ್ ಆಗದಿದ್ದರೆ ಮೊದಲು ಅದರ ಸೀಟು ಸವರುತ್ತಾನೆ. ಮಿಕ್ಸಿ ಕೆಟ್ಟರೆ "ನೆನ್ನೆಯಿಂದ ಮೇವು ಮುಟ್ಟಿಲ್ಲ" ಎನ್ನುತ್ತಾನೆ. ನನಗೆ ಗಂಡು ನೋಡಲು ಬಂದವನು ವರನ ಹಲ್ಲನ್ನು ಎಷ್ಟು ಹೊತ್ತು ದಿಟ್ಟಿಸಿದನೆಂದರೆ, ನನ್ನ ಯಜಮಾನರು ಇವತ್ತಿಗೂ ಅವನೆದುರು ಬಾಯಿಬಿಟ್ಟು ನಗುವುದಿಲ್ಲ.

ಇಂಥ ಮಾವ ಹೋದ ವರ್ಷ ಒಂದು ಘೋರ ಅಪರಾಧ ಮಾಡಿದ. ಅತ್ತೆ ಕಣ್ಣಿನ ಪೊರೆ ತೆಗೆಸಿಕೊಳ್ಳಲು ಮೈಸೂರಿನ ಮಗಳ ಮನೆಗೆ ಹೋಗಿದ್ದಳು. ತೆರಕಣಾಂಬಿಯಲ್ಲಿ ಒಬ್ಬನೇ ಉಳಿದ ಮಾವ ಹುರುಳಿಸಾರು ಕುದಿಸಿ, ಪಾತ್ರೆಯನ್ನು ಒಲೆಯಿಂದ ನೇರ ತಂದು ಅತ್ತೆಯ ಬೀರುವಿನ ಮೇಲಿಟ್ಟ! ಅದು ಅವಳು ಹರದನಹಳ್ಳಿಯ ತವರಿನಿಂದ ತಂದ ಸೊಂಟದೆತ್ತರದ ಬೀರು. ಮೇಲೆ ತೇಗದ ತೆಳು ಪದರ ಅಂಟಿಸಿದ್ದು. ಯಾರಾದರೂ ಒದ್ದೆ ಲೋಟ ಇಟ್ಟರೂ ಅವಳು ಸಹಿಸುವವಳಲ್ಲ. ಈಗ ಆ ಪದರ ಪೂರಿಯ ಹಾಗೆ ಉಬ್ಬಿ, ಸುತ್ತ ಬೆಳ್ಳಗೆ ಕಲೆಯಾಗಿತ್ತು.

"ಅಮ್ಮಿ, ಚಾಮರಾಜನಗರದಿಂದ ಮೊದ್ಲ್ ಬಸ್ಸಿಗೇ ಬಾ. ಸುಕ್ರವಾರ ನಿಮ್ಮತ್ತೆ ಬತ್ತಾಳೆ" ಎಂದು ಫೋನು ಮಾಡಿ, ಬೀರುವಿನ ಕಥೆಯನ್ನೆಲ್ಲ ಹೇಳಿದ.

"ಬರ್ಲಿ ಬುಡು ಮಾವ, ಅತ್ತೆಗೆ ಅದೆಲ್ಲಿ ಕಾಣ್ತದೆ?"

"ಅದೇ ಕಣಮ್ಮಿ ಕಷ್ಟ! ಮೊದ್ಲಾಗಿದ್ರೆ ಆನೆ ತಂದು ನಿಲ್ಸಿದ್ರೂ ಕಾಣ್ತಿರ್ನಿಲ್ಲ. ಈಗ ಎರಡ್ ಕಣ್ಣೂ ಆಪ್ರೇಸನ್ ಆಗದೆ. ಸಾಸಿವೆಕಾಳು ಬಿದ್ರೂ ಕಾಣ್ತದೆ!"

ನಾನು ಹೋದಾಗ ಮಾವ ಬೀರುವಿಗೆ ಕಿವಿಯಿಟ್ಟು ಬೆರಳಲ್ಲಿ ತಟ್ಟುತ್ತಿದ್ದ. "ಹೊಟ್ಟೆ ಉಬ್ರ ಕಣಮ್ಮಿ. ಗಾಳಿ ತುಂಬ್ಕೊಂಡದೆ, ಚುಚ್ಬೇಕು."

ವಿಚಿತ್ರವೆಂದರೆ, ಗುಂಡ್ಲುಪೇಟೆಯ ಮರಗೆಲಸದ ಆಚಾರಿ ಫೋನಿನಲ್ಲಿ ಹೇಳಿದ್ದೂ ಹೆಚ್ಚುಕಡಿಮೆ ಅದನ್ನೇ! ಸೂಜಿಯಲ್ಲಿ ಒಳಗೆ ಗೋಂದು ಬಿಟ್ಟು, ಒದ್ದೆ ಬಟ್ಟೆ ಹಾಸಿ ಇಸ್ತ್ರಿಪೆಟ್ಟಿಗೆ ಒತ್ತಿ, ಭಾರ ಹೇರಬೇಕಂತೆ. ಒಣಗಿದ ಮೇಲೆ ಉಜ್ಜಿ ಪಾಲಿಶ್ ಹೊಡೆಯಬೇಕಂತೆ. ಮಾವನ ಮುಖ ಊರಗಲವಾಯಿತು. ಒಳಗಿನಿಂದ ಹೆಬ್ಬೆರಳು ಗಾತ್ರದ ದನದ ಸಿರಿಂಜು ಬಂತು. "ಸುಮ್ಕಿರವ್ವ, ಆಯ್ತು, ಆಯ್ತು" ಎಂದು ಬೀರುವಿನ ಪಕ್ಕೆ ತಟ್ಟುತ್ತಾ ಚುಚ್ಚಿಯೇಬಿಟ್ಟ. ಗೋಂದು ಅರ್ಧ ಬೀರುವಿಗೆ, ಅರ್ಧ ನನ್ನ ಸೀರೆಗೆ.

ಇಸ್ತ್ರಿ ನಡೆಯುವಾಗ ಪಕ್ಕದ ಮನೆಯಾಕೆ ಕಿಟಕಿಯಲ್ಲಿ ಇಣುಕಿದಳು. "ಏನಣ್ಣೋ, ಬೀರುಗೂ ಇಸ್ತ್ರಿಯಾ?"

"ಊಂ ಕಣವ್ವ, ಮದ್ವೆಗೆ ಓಗ್ಬೇಕಂತೆ!"

ಆಮೇಲೆ ಎರಡು ರಾಗಿಮೂಟೆ ಹೇರಿದ. ರೋಗಿಗೆ ಎರಡು ದಿನ ವಿಶ್ರಾಂತಿ, ಬಾಗಿಲು ಕೂಡ ತೆಗೆಯುವಂತಿಲ್ಲ ಎಂದು ಅಪ್ಪಣೆಯಾಯಿತು. ಅವನ ಪಂಚೆಗಳೆಲ್ಲ ಒಳಗೇ ಇದ್ದವು! ಎರಡು ದಿನವೂ ಉಟ್ಟದ್ದರಲ್ಲೇ ಓಡಾಡಿದ.

ಉಬ್ಬರವೇನೋ ಇಳಿಯಿತು. ಆದರೆ ಮಾವ ಹುರುಪಿನಲ್ಲಿ ಆ ಜಾಗವನ್ನೇ ಹೆಚ್ಚು ಉಜ್ಜಿದ್ದ. ಪಾಲಿಶ್ ಹೊಡೆದ ಮೇಲೆ ಅಷ್ಟು ಭಾಗ ಮಾತ್ರ ಕಪ್ಪಾಗಿ, ಸೀಮೆಹಸುವಿನ ಮೈಮೇಲಿನ ಮಚ್ಚೆಯಂತೆ ಎದ್ದು ಕಂಡಿತು. ಇನ್ನೇನು ಮಾಡುವುದು? ಶುಕ್ರವಾರ ಬಂದೇಬಿಟ್ಟಿತ್ತು.

ಅತ್ತೆ ಕಪ್ಪು ಕನ್ನಡಕದಲ್ಲಿ ಒಳಗೆ ಬಂದಳು. ಮಾವ ಮಚ್ಚೆಗೆ ಅಡ್ಡವಾಗಿ, ಬೀರುವಿಗೆ ಬೆನ್ನು ಕೊಟ್ಟು ನಿಂತ. ಅವಳು ಕನ್ನಡಕ ತೆಗೆದು ನೆಟ್ಟಗೆ ಅವನನ್ನೇ ನೋಡಿದಳು. ನೋಡುತ್ತಲೇ ಇದ್ದಳು.

"ಇದೇನ್ರೀ, ತಲೆಯೆಲ್ಲ ಬೆಳ್ಳಗಾಗ್ಬುಟ್ಟದೆ! ಕೆನ್ನೆ ಇಂಗೆ ಒಳಕ್ಕೋಗದೆ! ಯಾವಾಗಾಯ್ತು ಇದೆಲ್ಲ?" ಹತ್ತಿರ ಬಂದು ಅವನ ಕೆನ್ನೆ ಸವರಿದಳು. "ಒಂದೇ ಮನೇಲಿದ್ದೂ ನಂಗೊತ್ತಾಗ್ನಿಲ್ವಲ್ರೀ..."

ಎಷ್ಟು ವರ್ಷದಿಂದ ಆ ಮುಖ ಅವಳಿಗೆ ಬರೀ ಮಂಜಾಗಿತ್ತೋ! ನನಗೆ ಅಳು ಬಂದುಬಿಟ್ಟಿತು. ಮಾವ ತಲೆತಗ್ಗಿಸಿ ಪಕ್ಕಕ್ಕೆ ಸರಿದು, ಆ ಕಪ್ಪು ಮಚ್ಚೆ ತೋರಿಸಿದ.

"ನಿನ್ ಬೀರು ಕೆಡಿಸ್ಬುಟ್ಟೆ ಕಣೇ."

ಅತ್ತೆ ಅತ್ತ ತಿರುಗಲೂ ಇಲ್ಲ. ಅವನ ಕೈ ಹಿಡಿದು ಕಿಟಕಿಯ ಕಡೆಗೆ ಎಳೆದಳು.

"ಅದಿರ್ಲಿ ಬುಡಿ. ಬೆಳಕ್ಗೆ ಬನ್ನಿ, ಸರ್ಯಾಗಿ ನೋಡ್ತೀನಿ."