ಹತ್ತು ಅಡಿಯ ಆಚೆ

ಮಲ್ಲಿಕಾರ್ಜುನನ ಕಷ್ಟ ಶುರುವಾದದ್ದು ಒಂದು ಚುಕ್ಕೆಯಿಂದ.

ದಿಲ್ಲಿಯ ಓಖ್ಲಾದಲ್ಲಿ ಯಮುನೆಯ ಅಂಚಿನಲ್ಲಿ ಮೂರು ಗಂಟೆ ನಿಂತು ಅವನು ಒಂದು ಕೊಕ್ಕರೆಯ ಫೋಟೋ ತೆಗೆದಿದ್ದ. ಬಸವಲಿಂಗಪ್ಪನವರು ಕನ್ನಡಕ ಏರಿಸಿ ಕ್ಯಾಮೆರಾದ ಪರದೆಯನ್ನು ನೋಡಿದರು.

"ಕೊಕ್ಕರೆ ಎಲ್ಲಿದೆ?"

ಮಲ್ಲಿಕಾರ್ಜುನ ಬೆರಳಿಟ್ಟು ತೋರಿಸಿದ.

"ಧೂಳು ಅಂದ್ಕೊಂಡೆ," ಎಂದು ಅವರು ಕರವಸ್ತ್ರದಿಂದ ಒರೆಸಿದರು. ಹೋಗಲಿಲ್ಲ. ಕೊಕ್ಕರೆಯೇ ಇರಬೇಕು ಎಂದು ಒಪ್ಪಿಕೊಂಡರು.

ಬಸವಲಿಂಗಪ್ಪನವರು ಅರಣ್ಯ ಇಲಾಖೆಯಿಂದ ನಿವೃತ್ತರಾದವರು. ಪ್ರತಿ ನವೆಂಬರಿನಲ್ಲೂ ಜೀಪಿನಲ್ಲಿ ಐದು ಜನರನ್ನು ಭರತ್‌ಪುರದ ಹಕ್ಕಿಗಳ ಕೆರೆಗೆ ಕರೆದೊಯ್ಯುತ್ತಿದ್ದರು. ಆ ಜೀಪಿನಲ್ಲಿ ಒಂದು ಸೀಟಿಗಾಗಿ ಮಲ್ಲಿಕಾರ್ಜುನ ನಾಲ್ಕು ವರ್ಷದಿಂದ ಅವರ ಹಿಂದೆ ಬಿದ್ದಿದ್ದ. ಈ ಸಲ ಕೊನೆಗಳಿಗೆಯಲ್ಲಿ ಒಂದು ಸೀಟು ಖಾಲಿಯಾಗಿತ್ತು.

"ಹೋದ ವರ್ಷ ಒಬ್ಬ ಬಂದಿದ್ದ. ಫ್ಲ್ಯಾಶ್ ಹೊಡೆದು ಕೆರೆಯ ಹಕ್ಕಿನೆಲ್ಲ ಎಬ್ಬಿಸಿಬಿಟ್ಟ. ಅದಕ್ಕೇ ಈಗ ಪರೀಕ್ಷೆ ಮಾಡ್ತೀನಿ," ಎಂದರು. "ಶನಿವಾರ ಸಾಯಂಕಾಲ ನಿಮ್ಮ ಮನೆಗೆ ಕಾಫಿಗೆ ಬರ್ತೀನಿ. ಅಷ್ಟರೊಳಗೆ ಒಂದು ಹಕ್ಕಿ ಫೋಟೋ ತೋರಿಸಿ. ಹಕ್ಕಿ ಅಂತ ಗೊತ್ತಾದ್ರೆ ಸಾಕು, ಸೀಟು ನಿಮ್ಮ ಮನೆಗೆ. ಭಾನುವಾರ ಬೆಳಗ್ಗೆ ಐದಕ್ಕೆ ಜೀಪು ಹೊರಡತ್ತೆ."

ಹಾಗಾಗಿ ಶನಿವಾರ ಬೆಳಗ್ಗೆ ಮಲ್ಲಿಕಾರ್ಜುನ ಲೆನ್ಸ್ ಕೊಳ್ಳಲು ಹೊರಟ. ಲೋಧಿ ಕಾಲೋನಿಯ ಸರ್ಕಾರಿ ಕ್ವಾರ್ಟರ್ಸಿನ ಮೊದಲ ಮಹಡಿ ಅವನದು. ಹೆಂಡತಿ ಚಂದ್ರಪ್ರಭಾ ಬಾಲ್ಕನಿಯ ಕಟ್ಟೆಯ ಮೇಲೆ ಪಪ್ಪಾಯಿ ಹೋಳು ಇಡುತ್ತಿದ್ದಳು.

"ರೀ, ಚಿಕ್ಕದು ತಗೊಳ್ಳಿ. ಹಕ್ಕಿಗೇನು, ಇಲ್ಲಿಗೇ ದಿನಾ ಒಂದು ಬರುತ್ತಲ್ಲ, ಬೂದು ಬಣ್ಣದ್ದು."

"ಅದು ಪಾರಿವಾಳ ಕಣೇ. ದಿಲ್ಲಿಯಲ್ಲಿ ಬೂದು ಬಣ್ಣದ್ದು ಅಂದ್ರೆ ಒಂದು ಪಾರಿವಾಳ, ಇಲ್ಲಾ ಸಫಾರಿ ಸೂಟು. ಎರಡರ ಫೋಟೋನೂ ಬಸವಲಿಂಗಪ್ಪನವರಿಗೆ ಬೇಡ."

ಅವಳು ಇನ್ನೊಂದು ಹೋಳು ಇಟ್ಟಳು.

ಕೆಳಗಿನ ಮನೆಯ ದಕ್ಷಿಣಾಮೂರ್ತಿ ಜೊತೆಗೆ ಬಂದ. ಅವನು ಮಲ್ಲಿಕಾರ್ಜುನನ ಸೆಕ್ಷನ್ನಿನಲ್ಲೇ ಕೆಲಸ ಮಾಡುವವನು. ಜನ್ಮದಲ್ಲಿ ಫೋಟೋ ತೆಗೆದವನಲ್ಲ. ಆದ್ದರಿಂದ ಸಲಹೆ ಕೊಡುವುದಕ್ಕೆ ಅವನಿಗೆ ಯಾವ ಅಡ್ಡಿಯೂ ಇರಲಿಲ್ಲ.

ಚಾಂದನಿ ಚೌಕದ ಅಂಗಡಿಯವನು ಎರಡು ಲೆನ್ಸ್ ಇಟ್ಟ. ಒಂದು ಕಾಫಿ ಲೋಟದಷ್ಟು, ಎಪ್ಪತ್ತರಿಂದ ಮುನ್ನೂರು ಮಿಲಿಮೀಟರಿನವರೆಗೆ ಎಳೆಯುವಂಥದ್ದು. ಇನ್ನೊಂದು ಇಡ್ಲಿ ಪಾತ್ರೆಗೆ ಅಣ್ಣನಂತಿತ್ತು. ಐನೂರರವರೆಗೆ ಎಳೆದು ದೂರದ್ದನ್ನೆಲ್ಲ ಹತ್ತಿರ ತರುತ್ತಿತ್ತು.

ಚಿಕ್ಕದನ್ನು ಕೈಯಲ್ಲಿ ಹಿಡಿದಾಗ ಮಲ್ಲಿಕಾರ್ಜುನನಿಗೆ ಮನೆಯ ಹಳೆಯ ಸೋಪಿನ ಡಬ್ಬಿಯಂಥ ಕ್ಯಾಮೆರಾ ನೆನಪಾಯಿತು. ಅದನ್ನು ಅವನು ಎಂದೋ ಹೆಂಡತಿಗೆ ಕೊಟ್ಟು ಕೈತೊಳೆದುಕೊಂಡಿದ್ದ.

"ಇದರಲ್ಲಿ ಹುಲಿ ತೆಗೆದ್ರೆ ಬೆಕ್ಕು ಬರುತ್ತೆ," ಎಂದ ದಕ್ಷಿಣಾಮೂರ್ತಿ. "ಜೀಪಿನಲ್ಲಿ ಎಲ್ಲರೂ ಫಿರಂಗಿ ಹಿಡಿದು ಕೂತಿರ್ತಾರೆ. ನೀನು ಪೀಪಿ ಹಿಡ್ಕೊಂಡು ಹೋಗ್ತೀಯಾ?"

ಅಂಗಡಿಯವನು ಪ್ರಾಮಾಣಿಕ. "ಸಾಬ್, ದೊಡ್ಡದು ಒಳ್ಳೇದೇ. ಆದ್ರೆ ದಸ್ ಫೀಟ್ ಕೇ ಅಂದರ್ ಯೇ ಅಂಧಾ ಹೈ," ಎಂದ. ಹತ್ತು ಅಡಿಗಿಂತ ಹತ್ತಿರ ಬಂದದ್ದು ಈ ಲೆನ್ಸಿಗೆ ಕಾಣುವುದಿಲ್ಲ.

ಮಲ್ಲಿಕಾರ್ಜುನ ನಕ್ಕ. "ಭಯ್ಯಾ, ಹುಲಿ ಹತ್ತು ಅಡಿಯೊಳಗೆ ಬಂದ್ರೆ ನಾನು ಫೋಟೋ ತೆಗೀತೀನಾ? ಮನೆಯವರು ನನ್ನ ಫೋಟೋಗೆ ಹಾರ ಹಾಕ್ತಾರೆ."

ಆ ದಿನ ಅವನು ನಕ್ಕದ್ದು ಅಷ್ಟೇ.

ಮನೆಗೆ ಬಂದಾಗ ಒಂದು ಗಂಟೆ. ಬಾಲ್ಕನಿಯಲ್ಲಿ ಮೂರು ಕಾಲಿನ ಸ್ಟ್ಯಾಂಡ್ ನಿಲ್ಲಿಸಿ ದೊಡ್ಡ ಲೆನ್ಸನ್ನೇ ಏರಿಸಿದ. ಎದುರಿನ ಬೇವಿನ ತುದಿಯಲ್ಲಿ ಒಂದು ಹದ್ದು ಕೂತಿತ್ತು. ಕಣ್ಣಿಟ್ಟ. ಹದ್ದು ಪಕ್ಕದ ಮನೆಯ ನೆಂಟನಷ್ಟು ಹತ್ತಿರ ಬಂತು. ಗುಂಡಿ ಒತ್ತಬೇಕು, ಅಷ್ಟರಲ್ಲಿ ಬೆನ್ನಿಗೆ ಒಂದು ಬೆರಳು ತಾಗಿತು.

"ಇದರಲ್ಲಿ ಎದುರಿನ ಬ್ಲಾಕು ಕಾಣುತ್ತೇನಪ್ಪಾ?" ಪಕ್ಕದ ಮನೆಯ ಗಿರಿಜಮ್ಮ.

"ಕಾಣುತ್ತೆ ಗಿರಿಜಮ್ಮಾ. ಆದ್ರೆ ಹದ್ದು..."

"ಹದ್ದು ಎಲ್ಲಿ ಹೋಗುತ್ತೆ? ಸ್ವಲ್ಪ ಸರಿ." ಗಿರಿಜಮ್ಮ ಕಣ್ಣಿಟ್ಟು ಲೆನ್ಸನ್ನು ಮನೆಮನೆಗೂ ತಿರುಗಿಸಿದರು. ಮೂರನೆಯ ಮನೆಯ ಮುಂದೆ ನಿಲ್ಲಿಸಿದರು. "ಅಯ್ಯೋ ಇವಳ! ನಮ್ಮನೆ ಕೆಲಸಕ್ಕೆ ಬರಲ್ಲ, ಜ್ವರ ಅಂತ ಹೇಳಿ ಕಳಿಸಿದ್ದಾಳೆ, ಅಲ್ಲಿ ಬಟ್ಟೆ ಒಣಗಿಸ್ತಿದ್ದಾಳೆ! ಏ ಸುನೀತಾ!"

ಎದುರಿನ ಬ್ಲಾಕಿನಲ್ಲಿ ಒಂದು ಬಕೆಟ್ ಬಿದ್ದ ಶಬ್ದವಾಯಿತು. ಹದ್ದು ಹಾರಿಹೋಯಿತು.

ಹತ್ತು ನಿಮಿಷದಲ್ಲಿ ಬಾಗಿಲು ಬಡಿಯಿತು. ಎದುರಿನ ಬ್ಲಾಕಿನ ಸಾಹ್ನಿ. ಮುಖ ತಂದೂರ್ ಒಲೆಯಿಂದ ಆಗ ತಾನೇ ತೆಗೆದಂತಿತ್ತು.

"ನಮ್ಮ ಮನೆ ಕಡೆ ತೋಪು ತಿರುಗಿಸಿದ್ದೀರಲ್ಲ, ಕ್ಯಾ ದೇಖ್ ರಹೇ ಹೋ? ಏನು ನೋಡ್ತಿದ್ದೀರಿ?"

"ಚಿಡಿಯಾ, ಸಾಹ್ನಿ ಸಾಬ್. ಹಕ್ಕಿ ಮಾತ್ರ."

"ಅಚ್ಛಾ? ನಾನೂ ನೋಡ್ತೀನಿ."

ಸಾಹ್ನಿ ಕಣ್ಣಿಟ್ಟರು. ಸ್ವಲ್ಪ ಹೊತ್ತಿಗೆ ಅವರ ಉಸಿರಾಟವೇ ಬದಲಾಯಿತು. ಅವರ ಬ್ಲಾಕಿನ ತಾರಸಿಯ ಮೇಲಿನ ನೀರಿನ ಟ್ಯಾಂಕು ಸ್ಪಷ್ಟವಾಗಿ ಕಾಣುತ್ತಿತ್ತು. ಅದರ ವಾಲ್ವನ್ನು ಯಾರೋ ದಿನವೂ ತಿರುಗಿಸಿ ಸಾಹ್ನಿಯವರ ಮನೆಯ ನೀರು ನಿಲ್ಲಿಸುತ್ತಿದ್ದರು. ಯಾರೆಂದು ಎರಡು ವರ್ಷದಿಂದ ಗೊತ್ತಾಗಿರಲಿಲ್ಲ.

"ಮಲ್ಲಿಕಾರ್ಜುನ್‌ಜೀ, ಒಂದು ಕುರ್ಚಿ ಕೊಡಿ," ಎಂದರು ಸಾಹ್ನಿ, ಮೆಲ್ಲಗೆ. ಜೇಬಿನಿಂದ ಫೋನ್ ತೆಗೆದು ಹೆಂಡತಿಗೆ ಹೇಳಿದರು: "ಇಲ್ಲಿಗೆ ಬಾ. ಇಲ್ಲಿಂದ ಎಲ್ಲಾ ಕಾಣುತ್ತೆ. ಬಿಟ್ಟೂನ್ನೂ ಕರ್ಕೊಂಡು ಬಾ, ಸಾಕ್ಷಿಗೆ."

ನಾಲ್ಕು ಗಂಟೆಗೆ ಬಾಲ್ಕನಿಯ ಹಿಂದಿನ ಹಾಲಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಮಗ ಬಿಟ್ಟೂ ಸಮೇತ ಸಾಹ್ನಿ ಸಂಸಾರ, ಗಿರಿಜಮ್ಮ, ಜ್ವರದ ವಿಷಯ ವಿವರಿಸಲು ಬಂದ ಸುನೀತಾ, ಲೆನ್ಸ್ ಆರಿಸಿದ್ದು ತಾನೇ ಎಂದು ಎಲ್ಲರಿಗೂ ಹೇಳುತ್ತಿದ್ದ ದಕ್ಷಿಣಾಮೂರ್ತಿ. ಚಂದ್ರಪ್ರಭಾ ಮೂರನೆಯ ಸಲ ಚಹಾ ಮಾಡುತ್ತಿದ್ದಳು. ಮಲ್ಲಿಕಾರ್ಜುನ ತನ್ನ ಕ್ಯಾಮೆರಾಕ್ಕೆ ತಾನೇ ಸರತಿಯಲ್ಲಿ ನಿಂತಿದ್ದ. ಒಂದು ಫೋಟೋ ಕೂಡ ಆಗಿರಲಿಲ್ಲ.

ನಾಲ್ಕೂ ಇಪ್ಪತ್ತಕ್ಕೆ ಬಸವಲಿಂಗಪ್ಪನವರು ಬಂದರು. ಜನರನ್ನು ನೋಡಿ ಚಪ್ಪಲಿ ಬಿಡಲು ಹಿಂದೆ ಮುಂದೆ ನೋಡಿದರು.

"ಏನಾದ್ರೂ ವಿಶೇಷಾನಾ?"

"ಇಲ್ಲ ಸಾರ್. ನೆರೆಹೊರೆ. ಕೂತ್ಕೊಳ್ಳಿ, ಫೋಟೋ ಈಗ ಬಂತು, ಈಗ."

ಮಲ್ಲಿಕಾರ್ಜುನ ಸಾಹ್ನಿಯವರನ್ನು ಹೆಚ್ಚುಕಡಿಮೆ ಎತ್ತಿ ಪಕ್ಕಕ್ಕಿಟ್ಟು ಬಾಲ್ಕನಿಗೆ ಧಾವಿಸಿದ. ಮರದ ತುದಿ ಖಾಲಿ. ಆಕಾಶ ಖಾಲಿ. ದೇವರೇ, ಒಂದು ಕಾಗೆಯಾದರೂ ಕಳಿಸು ಎಂದುಕೊಂಡ.

ಆಗ ಗಾಳಿ ಕೊಯ್ದಂತೆ ಶಬ್ದವಾಯಿತು. ದೊಡ್ಡ ಬೂದು ರೆಕ್ಕೆಯೊಂದು ಬೇವನ್ನು ದಾಟಿ ಬಂದು ಅವನ ಮುಂದಿನ ಕಟ್ಟೆಯ ಮೇಲೆ ಇಳಿಯಿತು. ಉದ್ದ ಬಾಲ. ಬಾಗಿದ ಕೊಕ್ಕು. ಅದರ ಮೇಲೊಂದು ಚಿಕ್ಕ ಕೊಂಬು. ಮಂಗಟ್ಟೆ! ಹಾರ್ನ್‌ಬಿಲ್! ಅದು ತಲೆ ಓರೆ ಮಾಡಿ ಪಪ್ಪಾಯಿ ಹೋಳನ್ನು ನೋಡಿತು. ಆಮೇಲೆ ಮಲ್ಲಿಕಾರ್ಜುನನನ್ನು ನೋಡಿತು. ಎರಡರ ನಡುವೆ ಪಪ್ಪಾಯಿಯನ್ನು ಆರಿಸಿಕೊಂಡಿತು.

ಅವನ ಮೂಗಿನಿಂದ ಅದಕ್ಕೆ ಮೂರೇ ಅಡಿ.

ಗುಂಡಿ ಒತ್ತಿದ. ಲೆನ್ಸು ಗುರ್ ಗುರ್ ಎಂದು ಹಿಂದೆ ಹೋಯಿತು, ಮುಂದೆ ಬಂತು, ಏನೂ ಕಾಣದೆ ಸುಮ್ಮನಾಯಿತು. ಚಾಂದನಿ ಚೌಕದ ಮಾತು ಆಗ ನೆನಪಾಯಿತು. ಹತ್ತು ಅಡಿ. ಇನ್ನೂ ಏಳು ಅಡಿ ಹಿಂದೆ ಹೋಗಬೇಕು.

ಸ್ಟ್ಯಾಂಡ್ ಸಮೇತ ಕ್ಯಾಮೆರಾವನ್ನು ತಬ್ಬಿಕೊಂಡು ಅವನು ಬಾಗಿಲಿನಿಂದ ಹಿಮ್ಮುಖವಾಗಿ ಹಾಲಿಗೆ ಇಳಿದ.

"ಸರೀರಿ," ಎಂದು ಪಿಸುಗುಟ್ಟಿದ.

"ಎಲ್ಲಿಗೆ ಸರೀಲಪ್ಪಾ? ಹಿಂದೆ ಗೋಡೆ," ಎಂದರು ಗಿರಿಜಮ್ಮ.

ಐದು ಅಡಿ. ಮಿಸೆಸ್ ಸಾಹ್ನಿಯ ಮೊಣಕಾಲು. ಆರು ಅಡಿ. ಚಹಾದ ತಟ್ಟೆ. ಏಳು ಅಡಿ. ಮಂಗಟ್ಟೆ ಎರಡನೆಯ ಹೋಳನ್ನು ಮೇಲಕ್ಕೆ ಎಸೆದು ಕೊಕ್ಕಿನಲ್ಲಿ ಹಿಡಿಯಿತು. ಎಂಟು ಅಡಿ. ಸ್ಟ್ಯಾಂಡಿನ ಕಾಲು ದಕ್ಷಿಣಾಮೂರ್ತಿಯ ಹೆಬ್ಬೆರಳಿನ ಮೇಲೆ ನಿಂತಿತು. ಅದೇ ಗಳಿಗೆಯಲ್ಲಿ ಮಲ್ಲಿಕಾರ್ಜುನ ಗುಂಡಿ ಒತ್ತಿದ.

"ಅಯ್ಯಯ್ಯೋ! ಸತ್ತೆ!" ಎಂದ ದಕ್ಷಿಣಾಮೂರ್ತಿ.

ಮಂಗಟ್ಟೆ ಹೋಯಿತು.

ಬಸವಲಿಂಗಪ್ಪನವರು ಪರದೆಯನ್ನು ಬಹಳ ಹೊತ್ತು ನೋಡಿದರು. ಅಲ್ಲಿ ಬೂದುಬಣ್ಣದ ಒಂದು ಮೋಡವಿತ್ತು. ಈ ಸಲ ಅವರು ಕರವಸ್ತ್ರ ತೆಗೆಯಲಿಲ್ಲ.

"ಜನವರಿ ಮಂಜು ಚೆನ್ನಾಗಿ ಬಂದಿದೆ," ಎಂದರು.

ಅಡುಗೆಮನೆಯ ಕಿಟಕಿ ಬಾಲ್ಕನಿಗೇ ತೆರೆಯುತ್ತಿತ್ತು. ಅಲ್ಲಿಂದ ಚಂದ್ರಪ್ರಭಾ ಕೈ ಒರೆಸಿಕೊಳ್ಳುತ್ತಾ ಬಂದಳು. ಕೈಯಲ್ಲಿ ಸೋಪಿನ ಡಬ್ಬಿಯಂಥ ಕ್ಯಾಮೆರಾ.

"ಸಾರ್, ಇದು ನಡೆಯುತ್ತಾ ನೋಡಿ. ಈಗ ಕಿಟಕಿಯಿಂದ ತೆಗೆದೆ."

ಬಸವಲಿಂಗಪ್ಪನವರು ನೋಡಿದರು. ಕನ್ನಡಕ ತೆಗೆದು ನೋಡಿದರು. "ಇದರ ರೆಪ್ಪೆಗೂದಲು ಕಾಣ್ತಿದೆಯಲ್ಲಮ್ಮಾ!"

ಅವರ ಹೆಬ್ಬೆರಳು ಗುಂಡಿ ಒತ್ತುತ್ತಾ ಹಿಂದಿನ ಫೋಟೋಗಳಿಗೆ ಹೋಯಿತು. ಮಳೆಯಲ್ಲಿ ನೆನೆದ ಮಂಗಟ್ಟೆ. ಅರಳಿ ಹಣ್ಣು ಕಚ್ಚಿದ ಮಂಗಟ್ಟೆ. ಜೋಡಿ. ಜೂನಿನಲ್ಲಿ ಮೂರು, ಒಂದು ಮರಿ.

"ಯಾವಾಗಿಂದ ಬರುತ್ತಿದೆ ಇದು?"

"ಮಾರ್ಚಿಂದ ಸಾರ್. ದಿನಾ ನಾಲ್ಕೂವರೆಗೆ."

"ನನಗೆ ಹೇಳಬಾರದಾಗಿತ್ತೇನೇ?" ಎಂದ ಮಲ್ಲಿಕಾರ್ಜುನ. ಸ್ವರ ಎಲ್ಲಿಂದಲೋ ಬಂದಂತಿತ್ತು.

"ಹೇಳಿದೆನಲ್ಲ. ನೀವು ಪಾರಿವಾಳ ಅಂದ್ರಿ."

ಬಸವಲಿಂಗಪ್ಪನವರು ಎದ್ದು ಚಪ್ಪಲಿ ಹಾಕಿಕೊಂಡರು. "ಹಕ್ಕಿ ಅಂತ ಗೊತ್ತಾದ್ರೆ ಸಾಕು, ಸೀಟು ಈ ಮನೆಗೆ ಅಂದಿದ್ದೆ. ಕೊಟ್ಟ ಮಾತು. ಬೆಳಗ್ಗೆ ಐದಕ್ಕೆ ಗೇಟಿನ ಹತ್ತಿರ ಇರಮ್ಮಾ. ಶಾಲು ತಗೋ, ಜೀಪಿನಲ್ಲಿ ಗಾಳಿ."

ಚಂದ್ರಪ್ರಭಾ ಗಂಡನ ಮುಖ ನೋಡಿದಳು. ಹಾಲಿನಲ್ಲಿದ್ದವರೆಲ್ಲ ನೋಡಿದರು. ಅಷ್ಟು ಕಣ್ಣುಗಳ ಮುಂದೆ ಮಲ್ಲಿಕಾರ್ಜುನನಿಗೆ ಹೇಳಲು ಒಂದೇ ಮಾತಿತ್ತು.

"ಹೋಗಿ ಬಾ. ಲೆನ್ಸ್ ಬೇಕಾದ್ರೆ ತಗೊಂಡು ಹೋಗು."

"ಬೇಡ ರೀ. ಅಷ್ಟು ಭಾರ ಹೊತ್ಕೊಂಡು ಹಕ್ಕಿ ನೋಡೋದು ಯಾವಾಗ?"

ಭಾನುವಾರ ಜೀಪು ಹೋಯಿತು. ಮಲ್ಲಿಕಾರ್ಜುನ ಮುಂಬಾಗಿಲಿಗೆ ಚಿಲಕ ಹಾಕಿ, ಸಾಹ್ನಿ ಎರಡು ಸಲ ಬಡಿದರೂ ತೆಗೆಯಲಿಲ್ಲ. ಹೆಂಡತಿಯ ಹೊಲಿಗೆಯ ಟೇಪಿನಿಂದ ಕಟ್ಟೆಯಿಂದ ಹಾಲಿನವರೆಗೆ ಅಳೆದು, ಹತ್ತು ಅಡಿ ಎರಡು ಅಂಗುಲಕ್ಕೆ ಕುರ್ಚಿ ಹಾಕಿದ. ಪಪ್ಪಾಯಿಯನ್ನು ತಾನೇ ಹೆಚ್ಚಿ ಇಟ್ಟ. ನಾಲ್ಕು ಗಂಟೆಯಿಂದ ಉಸಿರು ಬಿಗಿಹಿಡಿದು ಕೂತ.

ನಾಲ್ಕೂವರೆಗೆ ಸರಿಯಾಗಿ ಬೂದುಬಣ್ಣದ ರೆಕ್ಕೆಯೊಂದು ಕಟ್ಟೆಯ ಮೇಲೆ ಇಳಿಯಿತು. ಲೆನ್ಸು ಒಂದೇ ಸಲಕ್ಕೆ ಅದನ್ನು ಹಿಡಿಯಿತು. ಮಲ್ಲಿಕಾರ್ಜುನ ಗುಂಡಿ ಒತ್ತಿದ.

ಫೋಟೋ ಬಹಳ ಚೆನ್ನಾಗಿ ಬಂತು. ಒಂದೊಂದು ಗರಿಯೂ ಎಣಿಸುವಂತಿತ್ತು.

ಪಾರಿವಾಳ.